ಆಯಿ ಉಂಡಿಲ್ಲವಂತೆ

ಅನಗವಾಡಿ
೧೮ ಜೂನ್ ೧೯೫೨

ಚಿ. ಸೌ. ಕಾಶೀಬಾಯಿಗೆ ಪ್ರಹ್ಲಾದನ ಆಶೀರ್ವಾದಗಳು.

ಊರು ಮುಟ್ಟಿದ್ದೇನೆ. ಬಿಳಗಿಯವರೆಗೆ ಮೋಟಾರು, ಅಲ್ಲಿಂದ ಮುಂದೆ ಚಕ್ಕಡಿ. ಟ್ರಂಕು, ಹಾಸಿಗೆ ಎಲ್ಲ ನೆಟ್ಟಗೆ ಬಂದವು. ನೀನು ಕಟ್ಟಿಕೊಟ್ಟ ಗುರೆಳ್ಳು ಚಟ್ನಿಯ ಡಬ್ಬಿ ಮಾತ್ರ ದಾರಿಯಲ್ಲಿ ಬಾಯಿ ಬಿಟ್ಟಿತು. ನನಗಿಂತ ಮೊದಲು ನನ್ನ ಎರಡು ಅಂಗಿಗಳ ಊಟವಾಯಿತು. ಸಂಸ್ಥಾನವಿದ್ದಾಗ ಹದಿನಾಲ್ಕು ವರ್ಷ ಜಮಖಂಡಿಯ ಒಂದೇ ಶಾಲೆಯಲ್ಲಿ ಕಲಿಸಿದವನು ನಾನು. ಮುಂಬೈ ಸರಕಾರ ಬಂದ ಮೇಲೆ ಬದಲಿ ಎಂದರೇನೆಂದು ಈಗ ಕಲಿಯುತ್ತಿದ್ದೇನೆ.

ಇಲ್ಲಿ ಶಾಲೆಯೆಂದರೆ ಎರಡು ಕೋಣೆ, ಹೊಳೆಯ ಕಡೆಗೆ ಒಂದು ಕಿಟಕಿ. ನನ್ನ ವಾಸಕ್ಕೆ ಹೊಳೆವ್ವ ಎಂಬ ಹೆಂಗಸಿನ ಮನೆಯ ಪಕ್ಕದಲ್ಲಿ ಒಂದು ಸಣ್ಣ ಮನೆ ಸಿಕ್ಕಿದೆ. ಅವಳು ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಾಳೆ. ಮಾತು ಜೋರು. ಅವಳು ಎಮ್ಮೆಯನ್ನು ಬೈದರೆ ಶಾಲೆಯಲ್ಲಿ ನನ್ನ ಹುಡುಗರು ಸುಮ್ಮನಾಗುತ್ತಾರೆ.

ಕಷ್ಟವೆಂದರೆ ಊಟ. ಈ ಊರಲ್ಲಿ ನಮ್ಮವರ ಮನೆ ಒಂದೂ ಇಲ್ಲ, ನಾನೇ ಬೇಯಿಸಿಕೊಳ್ಳಬೇಕು. ನಿನ್ನೆ ಭಕ್ಕರಿ ಬಡಿಯಲು ಹೋದೆ. ಅರ್ಧ ಹಿಟ್ಟು ಅಂಗೈಯಲ್ಲೇ ಉಳಿಯಿತು, ಇನ್ನರ್ಧ ಹಂಚಿಗೆ ಹಾಕುವಾಗ ಮೂರು ತುಂಡಾಯಿತು. ಹೇಗೆ ಮಾಡುವುದೆಂದು ವಿವರವಾಗಿ ಬರೆ.

ಆಯಿಯ ಊಟ ಹನ್ನೊಂದರೊಳಗೆ ಆಗಲಿ. ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷದಿಂದ ಒಪ್ಪತ್ತು ಹಿಡಿದವಳು. ದಿನಕ್ಕೆ ಒಂದೇ ಊಟ, ಸಂಜೆಗೆ ಒಂದು ಬಟ್ಟಲು ಹಾಲು. ಆ ಒಂದು ಊಟದಲ್ಲಿ ಕೊರತೆಯಾಗಬಾರದು. ನಿನಗೆ ಹೇಳಬೇಕಾದ ಮಾತಲ್ಲ, ಆದರೂ ದೂರ ಬಂದವನ ಮನಸ್ಸು.

ಪ್ರಹ್ಲಾದ


ಜಮಖಂಡಿ
೨೭ ಜೂನ್ ೧೯೫೨

ತಮ್ಮ ಪಾದಗಳಿಗೆ ಕಾಶೀಬಾಯಿಯ ನಮಸ್ಕಾರ.

ಭಕ್ಕರಿ ಮುರಿದದ್ದರಲ್ಲಿ ನಿಮ್ಮ ತಪ್ಪು ಅರ್ಧ, ರೇಶನ್ನಿನ ಜೋಳದ ತಪ್ಪು ಅರ್ಧ. ಈ ಕೆಂಪು ಅಮೇರಿಕಾ ಜೋಳಕ್ಕೆ ಜಿಗಿಯೇ ಇಲ್ಲ. ಎಷ್ಟು ನಾದಿದರೂ ಹಿಟ್ಟು ಹಿಟ್ಟಿಗೆ ಅಂಟುವುದಿಲ್ಲ. ನೀರನ್ನು ಚೆನ್ನಾಗಿ ಕುದಿಸಿ, ಹಿಟ್ಟಿನ ನಡುವೆ ಕುಣಿ ಮಾಡಿ ಸುರಿಯಿರಿ. ಕೈ ಸುಡುತ್ತದೆಂದು ಬಿಡಬಾರದು, ಬಿಸಿ ಇರುವಾಗಲೇ ನಾದಬೇಕು. ಒಂದು ಭಕ್ಕರಿಗೆ ಬೇಕಾದಷ್ಟನ್ನೇ ತೆಗೆದುಕೊಳ್ಳಿ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ನೀರು ಆರುವುದರೊಳಗೆ ತಿರುವಿ ಹಾಕಿ. ಕೊನೆಗೆ ಕೆಂಡಕ್ಕೆ ಒಡ್ಡಿ ನಿಲ್ಲಿಸಿದರೆ ಉಬ್ಬುತ್ತದೆ. ಮೊದಲ ಎಂಟು ದಿನ ಉಬ್ಬುವುದಿಲ್ಲ. ಉಬ್ಬದ್ದನ್ನೂ ಉಣ್ಣಲು ಬರುತ್ತದೆ.

ಅತ್ತೆಯವರು ಆರಾಮ ಇದ್ದಾರೆ. ಎರಡು ದಿನ ಸಾರು ಬಾಯಿಗಿಡಲಾರದಷ್ಟು ಉಪ್ಪಾಗಿತ್ತು, ನನ್ನ ಕೈತಪ್ಪು. ಹಾಲು ಉಕ್ಕಿ ಒಲೆ ಆರಿತು, ಅದೂ ನನ್ನದೇ ಅನ್ನಿ. ಈಗ ಅಡುಗೆಯನ್ನೆಲ್ಲ ನಾನೇ ಮಾಡುತ್ತಿದ್ದೇನೆ. ಅವರಿಗೂ ವಯಸ್ಸಾಯಿತು, ಕೂತು ಉಣ್ಣಲಿ ಎಂದು.

ಕಾಶೀಬಾಯಿ


ಅನಗವಾಡಿ
೧೨ ಜುಲೈ ೧೯೫೨

ಚಿ. ಸೌ. ಕಾಶೀಬಾಯಿಗೆ ಆಶೀರ್ವಾದಗಳು.

ಭಕ್ಕರಿ ಮೊನ್ನೆ ಉಬ್ಬಿತು! ಉಬ್ಬಿದ್ದನ್ನು ನೋಡುತ್ತ ನಿಂತು ಅದನ್ನು ಸುಟ್ಟೆ, ಅದು ಬೇರೆ ಮಾತು. ಹೊಳೆವ್ವ ಬಾಗಿಲಲ್ಲಿ ನಿಂತು ನೋಡಿ, ‘ಮಾಸ್ತರ, ನೀವು ಬರೀ ಪಾಟಿ ಮ್ಯಾಲ ಬರದವರ ನೋಡ್ರಿ’ ಎಂದು ನಕ್ಕಳು.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಆಯಿಯ ಕೈಯಿಂದ ಒಲೆ ಯಾಕೆ ಬಿಡಿಸಿದೆ? ಐವತ್ತು ವರ್ಷ ಬೆಂಕಿಯ ಮುಂದೆ ಕೂತವಳಿಗೆ ಕೂಡಿಸಿ ಉಣ್ಣಿಸುವುದು ಸುಖವಲ್ಲ, ಸೆರೆ. ಇನ್ನೊಂದು. ಮನೆಯಿಂದ ಯಾರಿಗೆ ಕಾಗದ ಹೋದರೂ ಕೆಳಗೆ ಆಯಿ ಹಳೆಯ ಮೋಡಿ ಲಿಪಿಯಲ್ಲಿ ಎರಡು ಸಾಲು ಬರೆಯುತ್ತಾಳಲ್ಲ, ಈ ಸಲ ಇರಲಿಲ್ಲ. ನನ್ನ ಮೇಲೆ ಸಿಟ್ಟೋ? ಊರು ಬಿಟ್ಟು ಬಂದೆನೆಂದು? ನೀನು ಹಿಟ್ಟು ನೀರಿನ ಸುದ್ದಿ ಒಂದು ಪುಟ ಬರೆದು ಆಯಿಯ ಸುದ್ದಿಯನ್ನು ಮೂರು ಸಾಲಿನಲ್ಲಿ ಮುಗಿಸಿದೆ.

ಪ್ರಹ್ಲಾದ


ಜಮಖಂಡಿ
೩೦ ಜುಲೈ ೧೯೫೨

ತಮಗೆ ನಮಸ್ಕಾರ.

ಪಂಚಮಿ ಆಯಿತು. ಉಂಡಿ ಕಟ್ಟಿದೆ, ಅಳ್ಳು ಹುರಿದೆ. ಜೋಕಾಲಿಗೆ ಕರೆಯಲು ನೆರೆಯವರು ಬಂದಿದ್ದರು, ಹೋಗಲಿಲ್ಲ. ಅತ್ತೆಯವರಿಗೆ ಬರೆಯಲು ಕೈ ನಡುಗುತ್ತದಂತೆ, ಸಿಟ್ಟೇನೂ ಇಲ್ಲ.

ಇತ್ತೀಚೆಗೆ ನಾನು ಒಂದು ಕಡೆ ಕೂಡಲಾರೆ. ಬಾವಿಗೆ ಹೊರಟರೆ ಅರ್ಧ ದಾರಿಯಿಂದ ತಿರುಗಿ ಬರುತ್ತೇನೆ. ಕಾಳು ಆರಿಸಲು ಕೂತರೆ ಮೊರದಲ್ಲಿನ ಕಲ್ಲಿಗಿಂತ ಪಡಸಾಲೆಯ ಮೇಲೆ ಕಣ್ಣು ಹೆಚ್ಚು. ಹೊರಗೆ ಹೋಗುವಾಗ ಅಡುಗೆಮನೆಗೆ ಕೀಲಿ ಹಾಕುತ್ತೇನೆ. ಬೆಕ್ಕಿನ ಕಾಟ ಬಹಳವಾಗಿದೆ.

ಚೌತಿಗೆ ಎರಡು ದಿನ ರಜೆ ಹಾಕಿ ಬಂದು ಹೋಗಿ. ನಿಮಗೆ ಹೇಳುವ ಮಾತು ಒಂದಿದೆ. ಕಾಗದದಲ್ಲಿ ಬರೆಯುವಂಥದಲ್ಲ. ತಿರುಗಿ ಜಮಖಂಡಿಗೆ ಬದಲಿ ಕೇಳಲು ಬರುವುದಿಲ್ಲವೇ?

ಕಾಶೀಬಾಯಿ


ಅನಗವಾಡಿ
೧೦ ಆಗಸ್ಟ್ ೧೯೫೨

ಪ್ರಿಯ ಕಾಶೀ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಒಂದು ಕಡೆ ಕೂಡಲಾರೆ, ಹೇಳುವ ಮಾತು ಕಾಗದದಲ್ಲಿ ಬರೆಯುವಂಥದಲ್ಲ, ಬದಲಿ ಕೇಳಿ. ಹನ್ನೆರಡು ವರ್ಷಗಳಾದವು ನಮ್ಮ ಲಗ್ನವಾಗಿ. ಇಷ್ಟು ದಿನ ನಾವಿಬ್ಬರೂ ಆಡದೆ ಬಿಟ್ಟ ಮಾತು ಅದೇ ಇರಬಹುದೇ? ಇದ್ದರೆ ಒಂದೇ ಮಾತು ‘ಹೌದು’ ಎಂದು ಬರೆ. ನಾನು ಯಾರ ಮುಂದೂ ಆಡುವುದಿಲ್ಲ. ಹೊಳೆವ್ವನ ಮುಂದೆ ಮಾತ್ರ ಬಾಯಿ ತಪ್ಪಿತು. ಅವಳು ಕೂಡಲೇ ಒಂದು ತಂಬಿಗೆ ತುಪ್ಪ ತಂದಿಟ್ಟು, ‘ಬಸರ ಹೆಂಗಸಿಗಿ ಕಳಸ್ರಿ, ನೆನಪಿಲೆ ಬಿಸಿ ಅನ್ನದಾಗ ಉಣಾಕ ಹೇಳ್ರಿ’ ಎಂದಳು. ಜಮಖಂಡಿಗೆ ಹೊರಟವರ ಕೈಯಲ್ಲಿ ಕಳಿಸಿದ್ದೇನೆ.

ಚೌತಿಗೆ ಬರಲಾಗುವುದಿಲ್ಲ. ಮಳೆಗೆ ಎರೆಮಣ್ಣಿನ ದಾರಿ ಕೆಸರಾಗಿ ಚಕ್ಕಡಿ ಹೂತು ನಿಲ್ಲುತ್ತಿವೆ, ಶಾಲೆಗೆ ಸಾಹೇಬರ ತಪಾಸಣೆ ಬೇರೆ ಇದೆ. ಭಾರ ಎತ್ತಬೇಡ. ಒಲೆಯ ಕೆಲಸ ಆಯಿಗೆ ಬಿಡು.

ನಿನ್ನ ಪ್ರಹ್ಲಾದ


ಜಮಖಂಡಿ
೧೯ ಆಗಸ್ಟ್ ೧೯೫೨

ತಮಗೆ ನಮಸ್ಕಾರ.

ನೀವು ತಿಳಿದುಕೊಂಡ ಸುದ್ದಿ ಅಲ್ಲ.

ತುಪ್ಪ ಮುಟ್ಟಿತು. ಅತ್ತೆಯವರ ಅನ್ನಕ್ಕೆ ಬಡಿಸುತ್ತಿದ್ದೇನೆ. ಹೊಳೆವ್ವನಿಗೆ ಏನು ಹೇಳಬೇಕೋ ನೀವೇ ಹೇಳಿ. ನಾನು ಹೇಳಬೇಕೆಂದ ಮಾತು ಸದ್ಯಕ್ಕೆ ಇರಲಿ.

ಕಾಶೀಬಾಯಿ


ಅನಗವಾಡಿ
೨೯ ಆಗಸ್ಟ್ ೧೯೫೨

ಕಾಶೀಬಾಯಿಗೆ,

ನಿನ್ನೆ ಮುಧೋಳದಿಂದ ಬಾಳಾಸಾಹೇಬ ಕೆಸರು ತುಳಿದು ಇಲ್ಲಿಗೆ ಬಂದಿದ್ದ. ನನ್ನ ತಾಯಿಯ ತಂಗಿಯ ಮಗ ಅಷ್ಟು ದೂರದಿಂದ ಬಂದದ್ದು ನನ್ನ ಕುಶಲ ಕೇಳಲು ಅಲ್ಲ. ಚೌತಿಗೆ ಜಮಖಂಡಿಯ ನಮ್ಮ ಮನೆಗೆ ಹೋಗಿದ್ದನಂತೆ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

‘ಮಧ್ಯಾಹ್ನ ಎರಡು ಹೊಡದಿತ್ತು. ತುಳಸಾ ಮಾವಶಿ ಕಟ್ಟಿ ಮ್ಯಾಲ ಒಬ್ಬಾಕಿನ ಕೂತಿದ್ಲು. ಊಟಾ ಆತೇನ ಮಾವಶಿ ಅಂದೆ. ಕಣ್ಣಾಗ ನೀರು ತಂದ್ಲು. ಮುಂಜಾನಿಂದ ಹೊಟ್ಟ್ಯಾಗ ಒಂದು ಅಗಳಿಲ್ಲೋ ಬಾಳಾ, ಸೊಸಿ ಅಡಗಿಮನಿಗೆ ಕೀಲಿ ಹಾಕ್ಯಾಳ ಅಂದ್ಲು. ಎದ್ದು ನೋಡಿದೆ, ಖರೇನ ಕೀಲಿ ಇತ್ತು. ಕೀಲಿಕೈ ನಿನ್ನ ಹೆಂಡತಿ ಸೊಂಟದಾಗ ಇತ್ತು.’

ನಿನ್ನನ್ನು ಕೇಳಿದ್ದಕ್ಕೆ ‘ಉಂಡಾರ’ ಎಂದು ಒಂದೇ ಮಾತು ಹೇಳಿ ಒಳಗೆ ಹೋದೆಯಂತೆ. ಬೆಕ್ಕಿನ ಕಾಟ ಎಂದು ನನಗೆ ಬರೆದೆಯಲ್ಲ, ಆ ಬೆಕ್ಕು ನನ್ನ ತಾಯಿಯೇ? ದಿನಕ್ಕೆ ಒಂದು ಸಲ ಉಣ್ಣುವ ಮುದುಕಿಗೆ ಆ ಒಂದು ಸಲವೂ ಇಲ್ಲವೇ? ನಮಗೆ ಮಕ್ಕಳಿಲ್ಲದ ಸಿಟ್ಟನ್ನು ಅವಳ ಅನ್ನದ ಮೇಲೆ ತೀರಿಸಿಕೊಳ್ಳುತ್ತಿರುವೆಯಾ?

ಉತ್ತರ ಬರೆ.

ಪ್ರಹ್ಲಾದ


ಜಮಖಂಡಿ
೧೦ ಸೆಪ್ಟೆಂಬರ್ ೧೯೫೨

ತಮಗೆ ನಮಸ್ಕಾರ.

ಹದಿನಾರನೆಯ ತಾರೀಖು ಮಂಗಳವಾರ ನನ್ನ ಅಣ್ಣ ಗೋಪಾಲ ಅತ್ತೆಯವರನ್ನು ಕರೆದುಕೊಂಡು ಬಿಳಗಿಗೆ ಬರುತ್ತಾನೆ. ತಾವು ಮೋಟಾರು ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳಬೇಕು. ಮನೆಗೆ ಬೀಗ ಹಾಕಿ ನಾನು ರಬಕವಿಗೆ ಅವನ ಮನೆಗೆ ಹೋಗುತ್ತೇನೆ.

ಅವರಿಗೆ ಭಕ್ಕರಿಯನ್ನು ಹಾಲಿನಲ್ಲಿ ಮುರಿದು ಅರ್ಧ ತಾಸು ನೆನೆಯಿಟ್ಟು ಕೊಡಬೇಕು. ತವ್ವೆಗೆ ಹೆಸರುಬೇಳೆ ಆಗುತ್ತದೆ, ತೊಗರಿ ಆಗುವುದಿಲ್ಲ. ಅವರು ಉಂಡ ಎಂಜಲು ತಾಟನ್ನು ಕೂಡಲೇ ತೊಳೆಯಬೇಡಿ. ಸಂಜೆಯವರೆಗೆ ಹಾಗೇ ಇರಲಿ.

ಕಾಶೀಬಾಯಿ


ಅನಗವಾಡಿ
೨೧ ಸೆಪ್ಟೆಂಬರ್ ೧೯೫೨

ಕಾಶೀಬಾಯಿಗೆ,

ಆಯಿ ಬಂದು ಐದು ದಿನಗಳಾದವು. ನಿನ್ನ ಅಣ್ಣ ಸ್ಟ್ಯಾಂಡಿನಲ್ಲಿ ಅವಳ ಗಂಟನ್ನು ನನ್ನ ಕೈಗೆ ಕೊಟ್ಟು, ನನ್ನ ಮುಖವನ್ನೂ ನೋಡದೆ ಅದೇ ಮೋಟಾರಿಗೆ ತಿರುಗಿ ಹೋದ. ನೀನು ಮನೆಯ ಭಾರ ಇಳಿಸಿ ಹೋದ ರೀತಿಯ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ಆಯಿ ಚೆನ್ನಾಗಿ ಉಣ್ಣುತ್ತಿದ್ದಾಳೆ. ನಾನು ಮಾಡಿದ ದಪ್ಪ ಭಕ್ಕರಿಯನ್ನು ಕೂಡ ಬಿಡುವುದಿಲ್ಲ. ಎರಡನೆಯ ಸಲ ತವ್ವೆ ಹಾಕಿಸಿಕೊಳ್ಳುತ್ತಾಳೆ. ಮೊನ್ನೆ ಏನಾಯಿತೆಂದು ಕೇಳು. ಸಂಜೆ ದೀಪ ಹಚ್ಚುವ ಹೊತ್ತಿಗೆ, ‘ಪಲ್ಲೂ, ನಂಗ ಊಟಕ್ಕ ಹಾಕೋ, ಹೊಟ್ಟಿ ಹಸ್ತದ’ ಎಂದಳು. ಇಪ್ಪತ್ತೆರಡು ವರ್ಷ ನಡೆಸಿದ ಒಪ್ಪತ್ತು! ಅದನ್ನು ಹಸಿವು ಮುರಿಯಿತೆಂದರೆ ನೀನು ಎಷ್ಟು ತಿಂಗಳು ಅವಳನ್ನು ಉಪವಾಸ ಕೆಡವಿರಬೇಕು? ಬಡಿಸಿದೆ. ಅವಳು ಉಣ್ಣುತ್ತಿದ್ದರೆ ನನ್ನ ಕಣ್ಣು ತುಂಬಿತು.

ಎಂಜಲು ತಾಟನ್ನು ಸಂಜೆಯವರೆಗೆ ಇಟ್ಟುಕೊಂಡು ಕೂಡುವ ಆಚಾರ ನಿಮ್ಮ ತವರಿನದಿರಬೇಕು. ನಾನು ಆಗಿಂದಾಗಲೇ ತೊಳೆದು ಇಡುತ್ತೇನೆ.

ಪ್ರಹ್ಲಾದ


ಅನಗವಾಡಿ
೬ ಅಕ್ಟೋಬರ್ ೧೯೫೨

ಕಾಶೀ,

ಈ ಕಾಗದವನ್ನು ಹೇಗೆ ಶುರು ಮಾಡಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೋದ ವಾರ ಒಂದು ದಿನ ಹತ್ತೂವರೆಗೆ ಆಯಿಗೆ ಬಡಿಸಿದೆ. ನೀನು ಹೇಳಿದ ಹಾಗೆ ಹಾಲಿನಲ್ಲಿ ನೆನೆಸಿದ ಭಕ್ಕರಿ, ಹೆಸರುಬೇಳೆಯ ತವ್ವೆ. ಹೊಟ್ಟೆ ತುಂಬ ಉಂಡಳು. ತಾಟು ತೊಳೆದು ಬೋರಲು ಹಾಕಿ ಶಾಲೆಗೆ ಹೋದೆ. ಒಂದು ಗಂಟೆಯ ಸುಮಾರಿಗೆ ಹೊಳೆವ್ವ ಶಾಲೆಯ ಬಾಗಿಲಿಗೇ ಬಂದು ನಿಂತಳು.

‘ಮಾಸ್ತರ, ಐವತ್ತು ಹುಡುಗರಿಗಿ ಬುದ್ಧಿ ಹೇಳ್ತೀರಿ. ಹಡದ ತಾಯಿಗಿ ಒಂದ ತುತ್ತು ಹಾಕಾಕ ಆಗಲಿಲ್ಲೇನ್ರಿ ನಿಮಗ? ಮುದುಕಿ ನನ್ನ ಕಟ್ಟಿ ಮ್ಯಾಲ ಕುಂತು ಅಳಾಕತ್ತೈತಿ. ಮುಂಜಾನಿಂದ ಮಗಾ ಏನೂ ಕೊಟ್ಟಿಲ್ಲ ಅಂತೈತಿ.’

‘ಉಂಡಾಳವ್ವಾ. ನಾನೇ ಬಡಿಸೇನಿ.’

‘ಹಂಗಾರ ಉಂಡ ತಾಟು ಎಲ್ಲೈತಿ? ಮನ್ಯಾಗ ನೋಡೇ ಬಂದೇನಿ. ಎಲ್ಲಾ ಬೆಳ್ಳಗ ತೊಳದ ಇಟ್ಟಾವು.’

ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ.

ಓಡಿ ಬಂದೆ. ಆಯಿ ಹೊಳೆವ್ವನ ಕಟ್ಟೆಯ ಮೇಲೆ ಕೂತು ಅವಳ ತಾಟಿನಲ್ಲಿ ರೊಟ್ಟಿ, ಉಳ್ಳಾಗಡ್ಡಿ ಹಾಕಿದ ಬದನೆಕಾಯಿ ಪಲ್ಯ ಉಣ್ಣುತ್ತಿದ್ದಳು. ಮಡಿಯಿಲ್ಲದೆ ನೀರು ಕೂಡ ಮುಟ್ಟದ ನನ್ನ ಆಯಿ. ಹೊಳೆವ್ವನಿಗೂ ಅಳುಕು ಬಂದಿತ್ತು. ‘ನಮ್ಮ ಕೈಯಾಗಿನದು ನಿಮಗ ನಡ್ಯಾಂಗಿಲ್ರಿ ಅಂತ ಎರಡ ಸಲ ಅಂದ್ನಿ. ತಾನ ಇಸಗೊಂಡು ಉಣ್ಣಾಕ ಹತ್ತಿದ್ರು’ ಎಂದಳು. ಆಯಿ ತಲೆ ಎತ್ತಿ ನನ್ನನ್ನು ನೋಡಿ, ‘ಭಾಳ ಛಲೋ ಆಗೇದ. ನೀನೂ ಕೂಡು, ಪಲ್ಲೂ’ ಎಂದಳು.

ಮರುದಿನ ನಾನು ನೀರು ತರಲು ಹೋದಾಗ ತಾನೇ ಒಲೆ ಹೊತ್ತಿಸಿದ್ದಳು. ಸೀರೆಯ ಸೆರಗು ಗೇಣುದ್ದ ಸುಟ್ಟಿತ್ತು, ಅವಳಿಗೆ ಗೊತ್ತೇ ಇರಲಿಲ್ಲ. ಅಂದಿನಿಂದ ಅಡುಗೆಯ ಕೋಣೆಗೆ ಕೀಲಿ ಹಾಕುತ್ತಿದ್ದೇನೆ. ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದೇನೆ.

ನಿನಗೆ ಎಲ್ಲವೂ ಗೊತ್ತಿತ್ತು. ಯಾವಾಗಿನಿಂದ? ಒಂದು ಮಾತು ನನಗೆ ಯಾಕೆ ಬರೆಯಲಿಲ್ಲ?

ಪ್ರಹ್ಲಾದ


ಅನಗವಾಡಿ
೨೧ ಅಕ್ಟೋಬರ್ ೧೯೫೨

ಕಾಶೀ,

ದೀಪಾವಳಿ ಬಂದು ಹೋಯಿತು, ನಿನ್ನ ಕಾಗದ ಬರಲಿಲ್ಲ. ಟಪಾಲಿನವನು ಬಿಳಗಿಯಿಂದ ವಾರಕ್ಕೆ ಎರಡು ಸಲ ಬರುತ್ತಾನೆ. ಆ ಎರಡು ದಿನ ನಾನು ಪಾಠದ ನಡುವೆ ಎದ್ದು ಬಾಗಿಲಿಗೆ ಬರುತ್ತೇನೆ. ಉಳಿದ ದಿನವೂ ಎದ್ದು ಹೋಗುತ್ತೇನೆ, ಮನೆಯ ಕಡೆಗೆ. ಆಯಿ ಇದ್ದಾಳೋ, ಯಾರ ಕಟ್ಟೆಗೆ ಹೋಗಿದ್ದಾಳೋ ಎಂದು. ಒಂದು ಲೆಕ್ಕವನ್ನು ಹುಡುಗರಿಗೆ ಪೂರ್ತಿ ಬಿಡಿಸಿ ಹೇಳಿ ತಿಂಗಳಾಯಿತು.

ಊರಲ್ಲಿ ನನ್ನ ಹೆಸರು ಕೆಟ್ಟಿದೆ. ತಾಯಿಗೆ ಅನ್ನ ಹಾಕದ ಮಾಸ್ತರ. ಯಾರಿಗೆ ಏನು ಹೇಳಲಿ? ನೀನು ಜಮಖಂಡಿಯ ಕಟ್ಟೆಯ ಮೇಲೆ ಬಾಳಾಸಾಹೇಬನ ಮುಂದೆ ‘ಉಂಡಾರ’ ಎಂದು ಒಂದೇ ಮಾತು ಹೇಳಿ ಒಳಗೆ ಹೋದದ್ದು ಯಾಕೆಂದು ಈಗ ತಿಳಿಯುತ್ತಿದೆ.

ಬೈದಾದರೂ ಬರೆ.

ಪ್ರಹ್ಲಾದ


ರಬಕವಿ
೧ ನವೆಂಬರ್ ೧೯೫೨

ತಮಗೆ ನಮಸ್ಕಾರ.

ನಿಮ್ಮ ಕಾಗದಗಳು ಮುಟ್ಟಿವೆ. ಗೋಪಾಲಣ್ಣ ಇಲ್ಲಿಯ ಪೋಸ್ಟಿನಲ್ಲೇ ಕೆಲಸಕ್ಕಿರುವುದರಿಂದ ನಿಮ್ಮ ಅಕ್ಷರ ಮೊದಲು ಕಾಣುವುದು ಅವನಿಗೆ. ತಂದು ಮುಂದಿಟ್ಟು ಏನೂ ಕೇಳದೆ ಹೋಗುತ್ತಾನೆ.

ಯಾವಾಗಿನಿಂದ ಎಂದು ಕೇಳಿದ್ದೀರಿ. ಹೋದ ವರ್ಷದ ಶ್ರಾವಣದಿಂದ. ನೀವು ಆಗ ಮನೆಯಲ್ಲೇ ಇದ್ದಿರಿ. ನೀವು ಶಾಲೆಗೆ ಹೋದ ಮೇಲೆ ಅವರು ಎರಡನೆಯ ಸಲ ಒಲೆ ಹೊತ್ತಿಸುತ್ತಿದ್ದರು, ಬೆಂದ ಸಾರಿಗೆ ಮತ್ತೆ ಉಪ್ಪು ಹಾಕುತ್ತಿದ್ದರು. ನೀವು ತಿರುಗಿ ಬರುವುದರೊಳಗೆ ಎಲ್ಲ ಸರಿಮಾಡಿ ಇಡುತ್ತಿದ್ದೆ. ನೀವು ಉಂಡು ಎದ್ದು ‘ಇವತ್ತ ಸಾರು ಛಲೋ ಆಗಿತ್ತು’ ಅನ್ನುತ್ತಿದ್ದಿರಿ.

ಒಂದು ಸಂಜೆ ಊಟ ಬೇಡಿದರು. ಮಧ್ಯಾಹ್ನ ಆಗೇದಲ್ಲ ಅತ್ಯಾ, ನಿಮ್ಮದು ಒಪ್ಪತ್ತು ಅಂದೆ. ಕೇಳಲಿಲ್ಲ, ಅತ್ತರು. ಬಡಿಸಿದೆ. ಅರ್ಧ ಊಟವಾಗಿತ್ತು. ಒಮ್ಮೆಲೇ ಕೈ ನಿಲ್ಲಿಸಿ, ಮೂಲೆಯಲ್ಲಿದ್ದ ಮಧ್ಯಾಹ್ನದ ತಾಟನ್ನು ನೋಡಿದರು.

‘ಕಾಶೀ, ನಾ ಮತ್ತ ಉಣ್ಣಾಕತ್ತೇನೇನ?’

‘ಹೌದ್ರಿ ಅತ್ಯಾ.’

‘ನನ್ನ ಒಪ್ಪತ್ತು ಹೋತು. ಇಷ್ಟು ವರ್ಷದ್ದು ಎಲ್ಲಾ ಹೋತು. ಪಲ್ಲೂನ ಮುಂದ ಹೇಳಬ್ಯಾಡ. ಬಾಳಾನ ಮುಂದಂತೂ ಹೇಳಲೇಬ್ಯಾಡ, ಮುಧೋಳ ತುಂಬ ಸಾರತಾನ. ನನ್ನ ಮ್ಯಾಲ ಆಣಿ ನೋಡು.’

ಎಂಜಲು ಕೈಯನ್ನೇ ನನ್ನ ತಲೆಯ ಮೇಲಿಟ್ಟು ಆಣೆ ಮಾಡಿಸಿದರು. ಮರುದಿನ ಮುಂಜಾನೆ ಆಣೆ ಮಾಡಿಸಿದ್ದೇ ಅವರಿಗೆ ನೆನಪಿರಲಿಲ್ಲ. ನನಗೆ ಮರೆಯಲಾಗಲಿಲ್ಲ. ಬಾಳಾಸಾಹೇಬರು ಬಂದ ದಿನ ಉಂಡ ತಾಟು ಒಳಗೇ ಇತ್ತು. ತಂದು ತೋರಿಸಬಹುದಿತ್ತು. ತೋರಿಸಿದ್ದರೆ ಅತ್ತೆಯವರಿಗೆ ಬುದ್ಧಿ ಸ್ತಿಮಿತವಿಲ್ಲವೆಂದು ಅವತ್ತೇ ಊರೂರು ಗೊತ್ತಾಗುತ್ತಿತ್ತು. ನಿಮಗೆ ಮಾತ್ರ, ಎದುರು ಕೂತು, ಆಣೆ ಮುರಿದಾದರೂ ಹೇಳಬೇಕೆಂದು ಚೌತಿಗೆ ಕರೆದೆ. ನೀವು ಬೇರೆ ತಿಳಿದುಕೊಂಡಿರಿ. ಆ ಕಾಗದ ಓದಿ ನಾನು ಆ ದಿನ ಉಣ್ಣಲಿಲ್ಲ.

ಆಮೇಲಿನ ಕಾಗದದಲ್ಲಿ ಮಕ್ಕಳಿಲ್ಲದ ಸಿಟ್ಟು ಎಂದು ಬರೆದಿರಿ. ಆ ಸಾಲನ್ನು ನಾನು ಅಣ್ಣನಿಗೂ ಹೇಳಿಲ್ಲ.

ಇಲ್ಲಿ ಮುಂಜಾನೆಯಿಂದ ಮಗ್ಗದ ಸದ್ದು, ಓಣಿಯ ಆ ತುದಿಯಿಂದ ಈ ತುದಿಯವರೆಗೆ. ಅಣ್ಣನ ಹೆಂಡತಿ, ನಮ್ಮ ವೈನಿ, ಬಿಸಿ ಬಿಸಿ ಭಕ್ಕರಿಯನ್ನು ಹಂಚಿನಿಂದ ನೇರ ನನ್ನ ತಾಟಿಗೆ ಹಾಕುತ್ತಾಳೆ. ಲಗ್ನವಾದ ಮೇಲೆ ಬಿಸಿ ಭಕ್ಕರಿ ಉಂಡದ್ದು ಇದೇ ಮೊದಲು. ಎರಡು ತುತ್ತು ಉಂಡು ಬಾಗಿಲ ಕಡೆ ನೋಡುತ್ತೇನೆ, ಅತ್ತೆಯವರು ಎದ್ದು ಹೋದರೇನೋ ಎಂದು. ಹಳದಿ ಕುಂಕುಮಕ್ಕೆ ಕರೆದಿದ್ದ ಮನೆಯಲ್ಲಿ ಒಬ್ಬಳು ಇನ್ನೊಬ್ಬಳಿಗೆ, ‘ಅತ್ತೀಗೆ ಅನ್ನಾ ಹಾಕದಾಕಿ ಈಕೀನಾ?’ ಎಂದು ನನಗೆ ಕೇಳುವ ಹಾಗೆಯೇ ಕೇಳಿದಳು. ಮುಧೋಳದ ಮಾತು ರಬಕವಿಗೆ ಬಂದಿದೆ.

ನೀವು ಕರೆಯುವ ಮೊದಲೇ ಹೇಳುತ್ತೇನೆ, ಕರೆದ ಕೂಡಲೇ ಬರುವವಳಲ್ಲ ನಾನು. ನೀವು ಮುಧೋಳಕ್ಕೆ ನಿಜ ಬರೆದರೆ ಅತ್ತೆಯವರ ಮಾನ ಹೋಗುತ್ತದೆ. ಬರೆಯದಿದ್ದರೆ ನನ್ನದು. ಒಂದು ವರ್ಷ ಇದನ್ನು ನಾನು ಒಬ್ಬಳೇ ತೂಗಿದೆ. ಈಗ ನೀವು ತೂಗಿರಿ.

ಕಾಶೀಬಾಯಿ


ಅನಗವಾಡಿ
೧೧ ನವೆಂಬರ್ ೧೯೫೨

ಕಾಶೀ,

ಭಾನುವಾರ ಆಯಿಯನ್ನು ಹೊಳೆವ್ವನ ಹತ್ತಿರ ಬಿಟ್ಟು ಮುಧೋಳಕ್ಕೆ ಹೋಗಿ ಬಂದೆ. ಹೋಗುವಾಗ ಮೋಟಾರಿನಲ್ಲಿ ಎರಡೂ ಕಡೆಯ ಮಾತು ಕಟ್ಟಿ ನೋಡಿದೆ. ಯಾವುದೂ ಬಾಯಿಗೆ ಕೂಡಲಿಲ್ಲ. ಬಾಳಾಸಾಹೇಬನ ಮನೆಯ ಪಡಸಾಲೆಯಲ್ಲಿ ಅವನ ಹೆಂಡತಿ, ಅಕ್ಕ ಎಲ್ಲ ಇದ್ದರು. ಒಳ್ಳೆಯದೇ ಆಯಿತು.

‘ಕೀಲಿ ಹಾಕು ಅಂತ ಹೇಳಿದಾಂವ ನಾನು’ ಅಂದೆ. ‘ಊರು ಬಿಡೋ ಮುಂದ ಕಾಶೀಗೆ ತಾಕೀತು ಮಾಡಿ ಹೋಗಿದ್ದೆ. ಆಕಿ ನನ್ನ ಮಾತು ನಡಿಸ್ಯಾಳ. ಆಕಿದು ಏನೂ ತಪ್ಪಿಲ್ಲ.’

‘ಯಾಕ? ಹಡದ ತಾಯಿಗೆ?’

‘ನನ್ನ ಮನಿ, ನನ್ನ ಮಾತು. ಕಾರಣ ಕೇಳಬ್ಯಾಡ.’

ಅವನು ಎದ್ದು ನಿಂತು, ‘ಮಾಸ್ತರಕಿ ಮಾಡಾಂವ ಅಂತ ನಿನಗ ಭಾಳ ಮರ್ಯಾದಿ ಕೊಟ್ಟಿದ್ದೆ. ಇನ್ನ ಈ ಹೊಸ್ತಿಲಾ ತುಳೀಬ್ಯಾಡ’ ಎಂದ. ಅವನ ಅಕ್ಕ ನನ್ನ ಮುಂದಿಟ್ಟಿದ್ದ ನೀರಿನ ತಂಬಿಗೆಯನ್ನು ತಿರುಗಿ ಒಯ್ದಳು. ಚಿಕ್ಕಂದಿನಲ್ಲಿ ರಜೆಗೆಲ್ಲ ಉಂಡು ಆಡಿದ ಮನೆ ಅದು. ಹೊರಬಿದ್ದು ಸ್ಟ್ಯಾಂಡಿನವರೆಗೆ ಬಿರಬಿರನೆ ನಡೆದೆ.

ಇದರಿಂದ ನಿನ್ನ ಹೆಸರು ಎಷ್ಟು ತಿಳಿಯಾಗುತ್ತದೋ ಗೊತ್ತಿಲ್ಲ. ಆಯಿಯ ಮಾತು ನಮ್ಮಿಬ್ಬರಲ್ಲೇ ಉಳಿಯಿತು. ಹೊಳೆವ್ವನಿಗೆ ನಾನು ಹೇಳಲಿಲ್ಲ, ಅವಳೇ ತಿಳಿದುಕೊಂಡಿದ್ದಾಳೆ. ‘ನಮ್ಮತ್ತಿನೂ ಹಿಂಗ ಮಾಡತಿದ್ಲ್ರಿ ಮಾಸ್ತರ. ನಾ ಅವತ್ತ ಸಾಲಿಗಿ ಬಂದು ಹಂಗ ಅನಬಾರದಿತ್ತು’ ಎಂದು ಕಣ್ಣೊರೆಸಿಕೊಂಡಳು.

ಸಂಜೆ ಆಯಿ ಕೇಳಿದರೆ ಈಗ ಒಂದು ಸಣ್ಣ ತಾಟು ಬಡಿಸುತ್ತೇನೆ. ಮೊದಮೊದಲು ‘ಉಂಡೀಯಲ್ಲ ಆಯಿ’ ಎಂದು ವಾದಿಸುತ್ತಿದ್ದೆ. ವಾದದಲ್ಲಿ ನಾನೇ ಗೆದ್ದರೂ ಹಸಿವು ಅವಳಿಗೇ ಉಳಿಯುತ್ತಿತ್ತು. ಬಿಟ್ಟೆ.

ಆ ಒಂದು ಸಾಲಿಗೆ ಕ್ಷಮೆ ಕೇಳಲು ನನಗೆ ಮುಖವಿಲ್ಲ. ಮುಖವಿಲ್ಲದೆಯೇ ಕೇಳುತ್ತಿದ್ದೇನೆ. ಬಾ ಎಂದು ಬರೆಯುವುದಿಲ್ಲ. ಈ ಮನೆಯಲ್ಲಿ ಎರಡು ಕೋಣೆ ಇವೆ, ಮೂರು ಜನಕ್ಕೆ ಸಾಕು ಎಂದಷ್ಟೇ ಬರೆಯುತ್ತೇನೆ.

ಪ್ರಹ್ಲಾದ


ರಬಕವಿ
೧೫ ನವೆಂಬರ್ ೧೯೫೨

ತಮಗೆ ನಮಸ್ಕಾರ.

ನಿಮ್ಮ ಕಾಗದಕ್ಕಿಂತ ಒಂದು ದಿನ ಮೊದಲೇ ಸುದ್ದಿ ಬಂತು. ಎದುರು ಮನೆಯ ಬನಶಂಕರಿ ಮುಧೋಳಕ್ಕೆ ನೆಂಟರ ಮನೆಗೆ ಹೋಗಿದ್ದಳು. ಬಂದವಳು ಮಗ್ಗದ ಕುಣಿಗೆ ಇಳಿಯುವ ಮೊದಲು ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. ‘ತಪ್ಪು ನಿಂದಲ್ಲಂತ ಬೇ, ನಿನ್ನ ಗಂಡಂದಂತ. ಎಂಥಾ ಕಟುಕನ ಕೂಡ ಬಾಳೇ ಮಾಡಿದೆವ್ವಾ’ ಎಂದು ಮರುಗಿದಳು. ನನಗೆ ನಗು ಬಂತು. ತಡೆಯಲು ಸೆರಗು ಬಾಯಿಗೆ ಹಿಡಿದರೆ, ಅಳುತ್ತಿದ್ದೇನೆಂದು ತಿಳಿದು ಅವಳೂ ಅತ್ತಳು. ಆಮೇಲೆ ನಾನೂ ಖರೆಯಾಗಿ ಅತ್ತೆ.

ಆ ಸಾಲಿಗೆ ಕ್ಷಮೆಯನ್ನು ಟಪಾಲಿನಲ್ಲಿ ಕಳಿಸಲಾರೆ. ಅದು ಒಂದೇ ಮನೆಯಲ್ಲಿ ಇದ್ದು, ಉಂಡು, ದಿನ ಕಳೆಯುತ್ತ ಆಗುವುದಾದರೆ ಆಗಬೇಕು. ಆಗುತ್ತದೆ ಎಂದು ಮಾತು ಕೊಡುವುದಿಲ್ಲ.

ಮುಂಜಾನೆಯ ಅಡುಗೆ ನನ್ನದು. ಸಂಜೆಯ ಅಡುಗೆ ನಿಮ್ಮದು, ಇನ್ನು ಮುಂದೆಯೂ ನಿಮ್ಮದೇ. ನೀವು ಶಾಲೆಯಿಂದ ಬಂದ ಮೇಲೆ ಒಂದು ತಾಸು ನಾನು ಹೊಳೆಯ ದಂಡೆಗೆ ಹೋಗಿ ಸುಮ್ಮನೆ ಕೂತು ಬರುತ್ತೇನೆ. ಆ ಹೊತ್ತಿನಲ್ಲಿ ಅತ್ತೆಯವರು ಏನು ಮಾಡಿದರೂ ನನ್ನನ್ನು ಕೂಗಬಾರದು. ಇದಕ್ಕೆ ಒಪ್ಪಿಗೆ ಇಲ್ಲವಾದರೆ ಕೂಡಲೇ ಬರೆಯಿರಿ.

ಒಪ್ಪಿಗೆ ಇದ್ದರೆ, ಇಪ್ಪತ್ತನೆಯ ತಾರೀಖು ಗುರುವಾರ ಮಧ್ಯಾಹ್ನದ ಮೋಟಾರಿಗೆ ಬಿಳಗಿಗೆ ಇಳಿಯುತ್ತೇನೆ. ನೀವು ಸ್ಟ್ಯಾಂಡಿಗೆ ಬರಬೇಡಿ. ಅತ್ತೆಯವರನ್ನು ಒಬ್ಬರನ್ನೇ ಬಿಟ್ಟು ಬರುವ ಹಾಗಿಲ್ಲ, ಹೊಳೆವ್ವನಿಗೂ ಎಮ್ಮೆಯ ಕೆಲಸವಿರುತ್ತದೆ. ಚಕ್ಕಡಿ ಮಾಡಿಕೊಂಡು ನಾನೇ ಬರುತ್ತೇನೆ. ಅನಗವಾಡಿಯಲ್ಲಿ ಮಾಸ್ತರರ ಮನೆ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸಿಯಾರು. ತಾಯಿಗೆ ಅನ್ನ ಹಾಕದ ಮಾಸ್ತರರ ಮನೆ ಎಲ್ಲಿ ಎಂದು ಕೇಳಿದರೆ ಇನ್ನೂ ಬೇಗ ತೋರಿಸುತ್ತಾರೆ. ಹಾಗೆಯೇ ಕೇಳಿಕೊಂಡು ಬರುತ್ತೇನೆ.

ಕಾಶೀಬಾಯಿ